ಮೇಷ್ಟ್ರ ಲೈಟರಿನ ಸದ್ದು

ಅರಸೀಕೆರೆಯ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಈಗೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದನ್ನು ನಡೆಸುವವಳು ನನ್ನ ಅಣ್ಣನ ಮಗಳು ರೂಪಾ. ಅವಳು ಕೂರುವ ಸ್ಟೂಲಿನ ಮೇಲೆ ಅವಳಿಗಿಂತ ಮುಂಚೆ ಕೂತಿದ್ದವನು ನಾನು. ನನ್ನ ಕಸುಬು ಲೈಟರ್ ರಿಪೇರಿ. ಹೀಗೆಂದರೆ ಈಗಿನವರು ನಗುತ್ತಾರೆ. "ಲೈಟರನ್ನೂ ರಿಪೇರಿ ಮಾಡಿಸ್ತಿದ್ರಾ? ಕೆಟ್ರೆ ಬಿಸಾಕೋದಲ್ವಾ?" ಎನ್ನುತ್ತಾರೆ. ಬಿಸಾಕದ ಕಾಲವೂ ಒಂದಿತ್ತು ಕಣ್ರಪ್ಪ. ಆ ಕಾಲದಲ್ಲಿ ಲೈಟರಿಗೆ ಗ್ಯಾಸು, ಕಿಡಿ ಹಾರಿಸುವ ಕಲ್ಲು, ಬತ್ತಿ ಹಾಕಿಕೊಂಡು, ಜೊತೆಗೆ ಟಾರ್ಚು, ಪೆನ್ನು, ಕೊಡೆಗಳನ್ನೂ ನೋಡಿಕೊಂಡು ಸಂಸಾರ ಸಾಗಿಸಿದೆ. ಅಂಗಡಿಯವನಿಗೆ ನಿವೃತ್ತಿ ಎನ್ನುವುದೇನೂ ಇಲ್ಲ. ಕೈ ನಡುಗಲು ಶುರುವಾಯಿತು, ಸ್ಟೂಲು ಬಿಟ್ಟುಕೊಟ್ಟೆ, ಅಷ್ಟೆ.

ಇದನ್ನು ಬರೆಯಲು ಹೇಳಿದವಳೂ ರೂಪಾನೇ. "ಚಿಕ್ಕಪ್ಪ, ಇಲ್ಲಿ ಕೂತ್ಕೊಂಡು ಬಂದೋರ ತಲೆ ತಿನ್ನೋ ಬದ್ಲು ಮನೇಲಿ ಕೂತು ಬರೀರಿ. ಹೊಸದಾಗಿ ರಿಪೇರಿ ಕಲಿಯೋರು ಓದ್ಲಿ," ಎಂದಳು. ನನ್ನನ್ನು ಅಂಗಡಿಯಿಂದ ಸಾಗಹಾಕುವ ಉಪಾಯವದು, ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಾ ಇದೆ. ಅದನ್ನು ಹೇಳಬೇಕಾದರೆ ಮೊದಲು ಲೈಟರಿನ ವಿಷಯ ಹೇಳಬೇಕು.

ನನಗೆ ಕೆಲಸ ಕಲಿಸಿದವರು ಗಫೂರ್ ಸಾಹೇಬರು. ಅಂಗಡಿ ಮೊದಲು ಅವರದೇ. ಬಾಯಿ ಬಿಟ್ಟರೆ ಬೈಗುಳ, ಆದರೆ ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿ ಅರ್ಧ ನನಗೆ ಇಡದೆ ಅವರು ಉಂಡವರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಲೈಟರನ್ನು ಕಣ್ಣಿಗೆ ಹತ್ತಿರ ಹಿಡಿದು ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಿದ್ದೆ. ಅವರು ತಲೆಯ ಮೇಲೆ ಒಂದು ಬಿಟ್ಟು, "ಕಣ್ಣಲ್ಲಿ ಏನ್ಲಾ ನೋಡ್ತೀಯಾ? ಕಿವಿ ಐತಲ್ಲ, ಅದ್ರಲ್ಲಿ ನೋಡು," ಎನ್ನುತ್ತಿದ್ದರು. ಆಮೇಲೆ ನನ್ನನ್ನು ಗೋಡೆಗೆ ಮುಖ ಮಾಡಿಸಿ ಕೂರಿಸಿ, ಹಿಂದಿನಿಂದ ಒಂದೊಂದೇ ಲೈಟರಿನ ಮುಚ್ಚಳ ತೆಗೆಯುತ್ತಿದ್ದರು. ಹಿತ್ತಾಳೆಯದು ಒಂದು ಥರ ಸದ್ದು ಮಾಡುತ್ತದೆ, ಬೆಳ್ಳಿ ಲೇಪದ್ದು ಇನ್ನೊಂದು ಥರ. ಕೀಲು ಸವೆದಿದ್ದರೆ ಸದ್ದು ಮೊಂಡಾಗುತ್ತದೆ. ಸ್ಪ್ರಿಂಗ್ ಸೋತಿದ್ದರೆ ಸದ್ದಿನ ಬಾಲ ಕತ್ತರಿಸಿದ ಹಾಗಿರುತ್ತದೆ. ತಪ್ಪು ಹೇಳಿದರೆ ಇನ್ನೊಂದು ಏಟು. ಹೀಗೆ ಏಟು ತಿನ್ನುತ್ತಾ ತಿನ್ನುತ್ತಾ ನನ್ನ ಕಿವಿ ಪಳಗಿತು. ನೋಡದೆಯೇ ಇದು ಇಂಥವರ ಲೈಟರು ಎಂದು ಹೇಳುವಷ್ಟು ಪಳಗಿತು. ಆ ಕಿವಿಯ ಬಗ್ಗೆ ನನಗೆ ಬಹಳ ಜಂಬವಿತ್ತು.

ಜಂಬಕ್ಕೆ ಮೊದಲ ಪೆಟ್ಟು ಬೇಗನೇ ಬಿತ್ತು. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಗ್ಯಾಸ್ ತುಂಬಿಸಲು ಬಂದಿದ್ದರು. ದಪ್ಪ ಮೀಸೆ, ಎರಡೂ ತುದಿ ಹುರಿಗೊಳಿಸಿ ಮೇಲಕ್ಕೆ ತಿರುವಿದ್ದು. ಗ್ಯಾಸ್ ತುಂಬುವ ಮುಂಚೆ ಒಳಗಿನ ಹಳೇ ಗಾಳಿ ಬಿಡಬೇಕು, ಉರಿಯ ತಿರುಪನ್ನು ಪೂರ್ತಿ ಕೆಳಗಿಳಿಸಬೇಕು, ತುಂಬಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇಡಬೇಕು. ನಾನು ಗಾಳಿ ಬಿಟ್ಟೆ, ಗ್ಯಾಸು ತುಂಬಿದೆ, ತಿರುಪು ಮರೆತೆ. ಅವರು ಬಾಯಲ್ಲಿ ಸಿಗರೇಟಿಟ್ಟುಕೊಂಡು ಚಕ್ರ ತಿರುಗಿಸಿದರು. ಗೇಣುದ್ದ ಉರಿ ಎದ್ದು ಮೀಸೆಯ ಎಡಗಡೆ ಚುರ್ ಎಂದಿತು. ಮಾರನೇ ದಿನ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅರ್ಧ ಮೀಸೆಯಲ್ಲಿ ಬೀಗರ ಮುಂದೆ ಕೂರುವುದು ಹೇಗೆ? ಪೂರ್ತಿ ಬೋಳಿಸಿದರು. ಬಂದವರು ಬಾಗಿಲಲ್ಲೇ ನಿಂತು, "ಯಾರು ತೀರ್ಕೊಂಡ್ರು ಸಾಹುಕಾರ್ರೇ? ಸೂತಕ ಇದ್ರೆ ಒಂದು ಮಾತು ಹೇಳ್ಕಳಿಸಬಾರದಾ?" ಎಂದು ಕೇಳಿದರಂತೆ. ಅದೃಷ್ಟ, ಸಂಬಂಧ ಕುದುರಿತು. ಮದುವೆಗೆ ನನ್ನನ್ನೂ ಕರೆದರು. ಊಟಕ್ಕೆ ಕೂತಾಗ ಪಂಕ್ತಿಯಲ್ಲಿದ್ದವರಿಗೆಲ್ಲ, "ನನ್ ಮೀಸೆ ಸುಟ್ಟ ಮಹಾನುಭಾವ ಇವ್ನೇ," ಎಂದು ತೋರಿಸಿದರು. ಗಫೂರ್ ಸಾಹೇಬರು ಮಾತ್ರ ವಾರಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಬೈಯದೇ ಇದ್ದದ್ದೇ ದೊಡ್ಡ ಶಿಕ್ಷೆ.

ಸಾಹೇಬರ ನಂತರ ಅಂಗಡಿ ನನ್ನ ಕೈಗೆ ಬಂತು. ತೊಂಬತ್ತರ ದಶಕದ ಮೊದಲ ಭಾಗ ನಮ್ಮ ಅಂಗಡಿಯ ಒಳ್ಳೆಯ ಕಾಲ. ಬೇಲೂರು, ಹಳೇಬೀಡು ನೋಡಲು ಬರುವ ಹೊರದೇಶದವರಲ್ಲಿ ಎಷ್ಟೋ ಜನ ಕೆಟ್ಟ ಲೈಟರನ್ನು ಅಲ್ಲಿಯ ಗೈಡುಗಳ ಕೈಗೆ ಕೊಟ್ಟು ಹೋಗುತ್ತಿದ್ದರು. ಕೆಲವರು ಖುಷಿಯಾದರೆ ಚೆನ್ನಾಗಿರುವುದನ್ನೇ ಕೊಡುತ್ತಿದ್ದರು. ಹಳೇಬೀಡಿನಲ್ಲಿ ಕೃಷ್ಣೇಗೌಡ ಎಂಬ ಗೈಡು ಇದ್ದ. ಇಂಥವನ್ನೆಲ್ಲ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತಿದ್ದ. "ಅಣ್ಣ, ಇದು ಪಕ್ಕಾ ಫಾರಿನ್ ಮಾಲು ಕಣಣ್ಣ, ನೋಡು ಎಂಗೈತೆ," ಎಂದು ಗಂಟು ಬಿಚ್ಚುತ್ತಿದ್ದ. ಅರ್ಧಕ್ಕರ್ಧ ಕೆಲಸಕ್ಕೆ ಬಾರದವು. ಉಳಿದದ್ದನ್ನು ನಾನು ರಿಪೇರಿ ಮಾಡಿ ಮಾರುತ್ತಿದ್ದೆ. ಹೀಗೆ ನನ್ನ ಪುಟ್ಟ ಅಂಗಡಿಗೆ ಲೈಟರು ಕೂಡಿಡುವ ಹುಚ್ಚಿನವರು ಬರಲು ಶುರುಮಾಡಿದರು. ಅವರಲ್ಲಿ ದೊಡ್ಡ ಹುಚ್ಚರು ರಾಜಶೇಖರಯ್ಯ ಮೇಷ್ಟ್ರು.

ಹೈಸ್ಕೂಲಿನ ಹೆಡ್ ಮಾಸ್ಟರಾಗಿ ನಿವೃತ್ತರಾಗಿದ್ದರು. ಮನೆ ಹಳೇಬೀಡಿನಲ್ಲಿ. ಅವರದು ಸಿಗಾರ್. ಯಾವುದೋ ಕಾಲದಲ್ಲಿ ಮಿಲಿಟರಿಯಲ್ಲಿದ್ದ ಸ್ನೇಹಿತರೊಬ್ಬರು ರುಚಿ ತೋರಿಸಿದ್ದಂತೆ, ಅದು ಬಿಡಲಿಲ್ಲ. ಸಂಜೆಗೆ ಒಂದೇ ಒಂದು, ದಿಂಡಿಗಲ್ ಕಡೆಯ ಅಗ್ಗದ ಸಿಗಾರು. ಅದನ್ನು ಕೊಳ್ಳಲು ವಾರಕ್ಕೊಮ್ಮೆ ಅರಸೀಕೆರೆಗೆ ಬರುತ್ತಿದ್ದರು. ಸೇದಲು ಮಾತ್ರ ಹಳೇಬೀಡಿನ ಹುಲಿಕೆರೆ ರಸ್ತೆಯಲ್ಲಿ ಊರು ದಾಟುವವರೆಗೂ ನಡೆಯುತ್ತಿದ್ದರು. "ಊರೊಳಗೆ ಎತ್ತ ತಿರುಗಿದ್ರೂ ಒಬ್ಬ ಹಳೇ ವಿದ್ಯಾರ್ಥಿ ಸಿಗ್ತಾನೆ ಕಣಯ್ಯ ಸೋಮಣ್ಣ. ಕೈ ಮುಗಿದವನ ಮುಂದೆ ಹೊಗೆ ಬಿಡೋಕಾಗ್ತದೇನಯ್ಯ?" ಎನ್ನುತ್ತಿದ್ದರು. ಸಿಗಾರು ಅಗ್ಗದ್ದಾದರೂ ಅದನ್ನು ಹೊತ್ತಿಸುವ ಲೈಟರು ಮಾತ್ರ ಉತ್ತಮವಾಗಿರಬೇಕು. ಒಳ್ಳೊಳ್ಳೆಯ ಲೈಟರುಗಳನ್ನು ಹಳೇ ಪಂಚೆಯ ಚೂರಿನಲ್ಲಿ ಸುತ್ತಿ, ಸೀಮೆಸುಣ್ಣದ ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದರು.

ಲೈಟರು ಆರಿಸುವುದು ಹೇಗೆ ಎಂಬುದನ್ನು ನಾನು ಅವರನ್ನು ನೋಡಿ ಕಲಿತೆ. ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ಆಮೇಲೆ ಉರಿ. ಸಿಗಾರಿನ ತುದಿ ದಪ್ಪ, ಅದಕ್ಕೆ ಅಗಲವಾದ ಮೆತ್ತನೆಯ ಉರಿ ಬೇಕು. ಉರಿಯನ್ನು ತುದಿಗೆ ತಾಗಿಸಬಾರದು, ಕೆಳಗೆ ಹಿಡಿದು ಸಿಗಾರನ್ನು ನಿಧಾನವಾಗಿ ತಿರುಗಿಸುತ್ತಾ ಸುತ್ತಲೂ ಒಂದೇ ಸಮ ಕೆಂಪಾಗಿಸಬೇಕು. ಪೆಟ್ರೋಲಿನ ಲೈಟರು ಆಗದು, ಮೊದಲ ದಮ್ಮಿನಲ್ಲೇ ಪೆಟ್ರೋಲು ವಾಸನೆ ಬಾಯಿಗೆ ಬರುತ್ತದೆ. ಗ್ಯಾಸೇ ಬೇಕು. ಸೋರುತ್ತಿದೆಯೋ ಎಂದು ನೋಡಲು ಸೈಕಲ್ ಟ್ಯೂಬಿನ ಪಂಕ್ಚರು ಹುಡುಕುವ ಹಾಗೆ ಲೈಟರಿನ ತಳವನ್ನು ಲೋಟದ ನೀರಿಗೆ ಹಿಡಿದು ಗುಳ್ಳೆ ಬರುತ್ತದೋ ನೋಡುತ್ತಿದ್ದೆವು. ಕೊನೆಗೆ ಮುಚ್ಚಳದ ಸದ್ದು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ಮನಸ್ಸಿಗೆ ಬಾರದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, "ಊಹ್ಞೂಂ, ಇದು ಫೇಲು," ಎಂದು ಪಕ್ಕಕ್ಕಿಡುತ್ತಿದ್ದರು. ಮೂರು ಉರಿ ಒಟ್ಟಿಗೆ ಬುಸುಗುಡುವ ಹೊಸ ನಮೂನೆಯದೊಂದನ್ನು ಒಮ್ಮೆ ತೋರಿಸಿದೆ. ಹೌಹಾರಿ ಹಿಂದೆ ಸರಿದು, "ಇದು ಸಿಗಾರಿಗಲ್ಲ ಕಣಯ್ಯ, ಗೇಟಿಗೆ ವೆಲ್ಡಿಂಗ್ ಮಾಡೋಕೆ ಇಟ್ಕೋ," ಎಂದರು.

ಮೇಷ್ಟ್ರ ಮಗ ಪ್ರಭಾಕರ. ಅರಸೀಕೆರೆಯಲ್ಲಿ ಸರ್ಕಾರಿ ಆಫೀಸೊಂದರಲ್ಲಿ ಗುಮಾಸ್ತ, ದಿನಾ ಹಳೇಬೀಡಿನಿಂದ ಬಸ್ಸಿನಲ್ಲಿ ಓಡಾಟ. ಸಂಜೆ ಆಫೀಸು ಮುಗಿಸಿ ನನ್ನ ಅಂಗಡಿಯ ಪಕ್ಕದ ಗೋಡೆಗೆ ಒರಗಿ ಒಂದು ಸಿಗರೇಟು ಸೇದಿ ಬಸ್ಸಿಗೆ ಹೋಗುತ್ತಿದ್ದ. ಅಪ್ಪನ ಹಾಗೇ ಅವನಿಗೂ ಲೈಟರೆಂದರೆ ಪ್ರಾಣ. ಆದರೆ ಕೂಡಿಡುವವನಲ್ಲ. ಮನೆಯಲ್ಲಿ ಎಲ್ಲಿಡುತ್ತಾನೆ? ನನ್ನ ಅಂಗಡಿಯಲ್ಲೇ ಒಂದೊಂದಾಗಿ ಎತ್ತಿ ನೋಡಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಕೇಳಿ, ಇಟ್ಟು ಹೋಗುತ್ತಿದ್ದ. ಕಣ್ಣು ಮುಚ್ಚುವ ರೀತಿಯೂ ಥೇಟ್ ಅಪ್ಪನದೇ.

ನಮ್ಮ ಕಡೆ ಮಗ ಅಪ್ಪನೆದುರು ಸೇದುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಅಪ್ಪನಿಗೂ ಒಂದು ಕಟ್ಟುಪಾಡಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಗ ಸೇದುತ್ತಿರಬಹುದಾದ ಜಾಗಕ್ಕೆ ಅಪ್ಪ ಸದ್ದಿಲ್ಲದೆ ಬರಬಾರದು. ಮೂಲೆಯಲ್ಲೇ ಒಂದು ಸಲ ಕೆಮ್ಮಬೇಕು. ಕೆಮ್ಮಿ, ಎರಡು ಉಸಿರು ನಿಂತು, ಆಮೇಲೆ ಕಾಣಿಸಿಕೊಳ್ಳಬೇಕು. ಅಷ್ಟರಲ್ಲಿ ಮಗ ಸಿಗರೇಟು ಹೊಸಕಿ, ಬಾಯಿಗೊಂದು ಏಲಕ್ಕಿ ಎಸೆದುಕೊಂಡು ಸಂಭಾವಿತನಾಗಿರುತ್ತಾನೆ. ಮೇಷ್ಟ್ರು ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮೂಲೆಯಿಂದ ಆ ಕೆಮ್ಮು ಕೇಳಿದರೆ ಸಾಕು, ಪ್ರಭಾಕರನ ಕೈ ತಂತಾನೇ ಬೆನ್ನ ಹಿಂದೆ ಹೋಗುತ್ತಿತ್ತು.

"ಯಾವಾಗ ಬಂದ್ರಪ್ಪಾ?"

"ಈಗ ಬಂದೆ ಕಣೋ. ಆಫೀಸು ಮುಗೀತಾ? ನಡಿ, ಬಸ್ಸು ಹೊರಡ್ತದೆ."

ಮೇಷ್ಟ್ರು ಸಿಗಾರಿನ ಕಟ್ಟನ್ನು ಅಂಗಿಯ ಒಳಜೇಬಿಗೆ ತಳ್ಳುತ್ತಾ ಮುಂದೆ, ಮಗ ಏಲಕ್ಕಿ ಜಗಿಯುತ್ತಾ ಹಿಂದೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಒಮ್ಮೆ ಪ್ರಭಾಕರನನ್ನು ರೇಗಿಸಿದೆ: "ಏನ್ರೀ, ಮಗಳು ಹೈಸ್ಕೂಲಿಗೆ ಬಂದ್ಲು, ನೀವಿನ್ನೂ ಅಪ್ಪನ್ನ ಕಂಡ್ರೆ ಸಿಗರೇಟು ಬಚ್ಚಿಡ್ತೀರಲ್ರೀ."

"ಭಯ ಅಲ್ಲ ಸೋಮಣ್ಣ, ಮರ್ಯಾದೆ," ಎಂದ.

ಅಪ್ಪನನ್ನೂ ಬಿಡಲಿಲ್ಲ. "ಪ್ರಭಾಕರ ಸೇದೋದು ನಿಮಗೆ ಗೊತ್ತಲ್ವಾ ಮೇಷ್ಟ್ರೇ?"

"ಗೊತ್ತಿಲ್ದೆ ಏನಯ್ಯ? ನನಗೆ ಗೊತ್ತು ಅನ್ನೋದು ಅವನಿಗೂ ಗೊತ್ತು. ಆದ್ರೆ ಎದುರಾ ಎದುರು ಸಿಕ್ಕಿಬಿದ್ರೆ ಇಬ್ರೂ ಮುಖ ಎಲ್ಲಿಟ್ಕೊಳ್ಳೋದು?"

ಒಂದು ಸಲ ಕೃಷ್ಣೇಗೌಡನ ಗಂಟಿನಲ್ಲಿ ಬೆಳ್ಳಿ ಲೇಪದ ಲೈಟರೊಂದು ಬಂತು. ವಾಷರು ಹೋಗಿತ್ತು, ಕೀಲಿನಲ್ಲಿ ಕೊಳೆ ಕೂತಿತ್ತು. ಬಿಚ್ಚಿ, ತೊಳೆದು, ಹೊಸ ವಾಷರು ಕತ್ತರಿಸಿ ಹಾಕಿ ಮುಚ್ಚಳ ತೆಗೆದೆ. ಅಬ್ಬಾ! ಟಿಣ್ ಎಂದು ಶುರುವಾದ ಸದ್ದು ಕಂಚಿನ ಲೋಟಕ್ಕೆ ಚಮಚ ತಾಗಿದ ಹಾಗೆ ಗಾಳಿಯಲ್ಲಿ ನಿಂತಿತು. ಅಷ್ಟು ವರ್ಷದ ಕಸುಬಿನಲ್ಲಿ ಅಂಥ ಸದ್ದು ನಾನು ಕೇಳಿರಲಿಲ್ಲ. ಅವತ್ತು ಗೋಡೆಗೆ ಒರಗಿದ್ದ ಪ್ರಭಾಕರ ಸಿಗರೇಟು ಬಿಸಾಕಿ ಒಳಗೆ ಬಂದ. ಕೈಗೆ ತೆಗೆದುಕೊಂಡ. ತೆಗೆದ, ಮುಚ್ಚಿದ, ಮತ್ತೆ ತೆಗೆದ. ತನಗೇ ಬೇಕೆನ್ನುತ್ತಾನೆ ಎಂದುಕೊಂಡೆ.

"ಸೋಮಣ್ಣ, ಇದು ಅಪ್ಪನಿಗೆ," ಎಂದ. "ಆದ್ರೆ ನಾನು ಕೊಡಿಸ್ದೆ ಅಂತ ಹೇಳ್ಬೇಡಿ. ನಾನು ಹೆಂಗೆ ಕೊಡ್ಲಿ? ಅಪ್ಪಾ, ನೀವು ಸಿಗಾರ್ ಸೇದೋಕೆ ಅಂತ ತಂದೆ ಅನ್ಲಾ? ನಾನು ದುಡ್ಡು ಕೊಟ್ಟಿರ್ತೀನಿ. ನೀವು ಬೇರೆ ಲೈಟರುಗಳ ಜೊತೆ ಇಟ್ಟು, ಕಮ್ಮಿಗೆ ಬಂತು ಅಂತ ಅವರಿಗೆ ಕೊಟ್ಬಿಡಿ."

ಮುಂದಿನ ವಾರ ಮೇಷ್ಟ್ರು ಬಂದರು. ಸಾಲಾಗಿ ಲೈಟರುಗಳನ್ನಿಟ್ಟಿದ್ದೆ. ಒಂದೊಂದೇ ತೆಗೆದು ನೋಡುತ್ತಾ ಬಂದವರು ಬೆಳ್ಳಿಯದರ ಮುಚ್ಚಳ ತೆಗೆದದ್ದೇ ಕಣ್ಣು ಮುಚ್ಚಿದರು. ಬಹಳ ಹೊತ್ತು ಬಿಡಲಿಲ್ಲ. ಬೆಲೆ ಕೇಳಿದರು. ಹೇಳಿದೆ. ನನ್ನ ಮುಖವನ್ನೇ ನೋಡಿದರು, ಕಾಪಿ ಹೊಡೆದ ಹುಡುಗನನ್ನು ನೋಡುವ ಹಾಗೆ.

"ಈ ಮಾಲು ಈ ಬೆಲೆಗೆ ನಿನಗೆ ಯಾರಯ್ಯ ಕೊಟ್ರು?"

"ಬಂತು ಮೇಷ್ಟ್ರೇ, ಹಿಂಗೇ..."

"ಹ್ಞೂಂ. ಇರ್ಲಿ, ಇರ್ಲಿ," ಎಂದು ಜೇಬಿಗಿಟ್ಟುಕೊಂಡರು. ಆ ಮುಖದಲ್ಲಿದ್ದ ಸಂತೋಷವನ್ನು ಪ್ರಭಾಕರನಿಗೆ ತೋರಿಸಲು ನನ್ನಲ್ಲಿ ಕ್ಯಾಮರಾ ಇರಲಿಲ್ಲ. ಸಂಜೆ ಬಾಯಿಮಾತಿನಲ್ಲಿ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ನಕ್ಕ. ಆ ದಿನದಿಂದ ಮೂಲೆಯ ಕೆಮ್ಮು ಸ್ವಲ್ಪ ಜೋರಾಯಿತು, ನಿಲ್ಲುವ ಹೊತ್ತೂ ಹೆಚ್ಚಾಯಿತು. ಮಗ ಇನ್ನೊಂದು ದಮ್ಮು ಎಳೆಯಲಿ ಎಂದು ಹೊತ್ತು ಕೊಡುತ್ತಿದ್ದಾರೆ ಎಂದುಕೊಂಡೆ. ಆಗ ಅದು ನಿಜವೂ ಆಗಿದ್ದಿರಬಹುದು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಲೈಟರುಗಳು ಬಂದವು. ಬೀಡಾ ಅಂಗಡಿಯಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿರುತ್ತಿದ್ದರು. ಕಲ್ಲು ಹಾಕಿಸುವವರು ನಿಂತರು, ಬತ್ತಿ ಕೇಳುವವರು ನಿಂತರು. ನಾನು ಸೋಲಬಾರದೆಂದು ಪ್ಲಾಸ್ಟಿಕ್ ಲೈಟರಿನ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ ಗ್ಯಾಸು ತುಂಬಿಕೊಡುವ ಕೆಲಸವನ್ನೂ ಮಾಡಿದೆ. ಥೂ, ಅದೇನು ಕೆಲಸ! ಅದರಲ್ಲಿ ಕಿವಿಗೆ ಏನೂ ಇರಲಿಲ್ಲ, ಬರೀ ಸೂಜಿ. ಬೆಳಗಿನಿಂದ ಸಂಜೆಯವರೆಗೂ ಒಳ್ಳೆಯ ಮುಚ್ಚಳದ ಸದ್ದೇ ಕೇಳದ ದಿನಗಳು ಬಂದವು. ಅಂಥ ದಿನಗಳಲ್ಲಿ ಮೂಲೆಯಿಂದ ಮೇಷ್ಟ್ರ ಕೆಮ್ಮು ಕೇಳಿದರೆ ಮನಸ್ಸಿಗೆ ಹಿತವಾಗುತ್ತಿತ್ತು. ಬಂದರಪ್ಪ ನಮ್ಮವರು ಎನಿಸುತ್ತಿತ್ತು.

ಕೆಮ್ಮು ಹೆಚ್ಚಾಗುತ್ತಾ ಹೋಯಿತು. ಒಂದು ಸಲ ಕೆಮ್ಮುತ್ತಿದ್ದವರು ಮೂರು ನಾಲ್ಕು ಸಲ ಕೆಮ್ಮಿ ಬರತೊಡಗಿದರು. ಒಂದು ದಿನ ಪ್ರಭಾಕರ ರಜೆಯಲ್ಲಿದ್ದ. ಆದರೂ ಮೂಲೆಯಲ್ಲಿ ಕೆಮ್ಮು. ನಾನು ಒಳಗಿನಿಂದಲೇ ಕೂಗಿದೆ: "ಮೇಷ್ಟ್ರೇ, ಪ್ರಭಾಕರ ಇಲ್ಲ ಇವತ್ತು, ಕೆಮ್ಮೋ ಕಷ್ಟ ತಗೋಬೇಡಿ, ಬನ್ನಿ!" ಅವರು ನಗುತ್ತಾ ಬಂದರು. ನಗುವು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ದನಿ ಗೊಗ್ಗರಾಗಿತ್ತು. "ಹುಡುಗರ ಮೇಲೆ ಕೂಗಿ ಕೂಗಿ ಸವೆದ ಗಂಟಲು ಕಣಯ್ಯ. ಇದಕ್ಕೂ ಹೊಸ ವಾಷರು ಹಾಕ್ತೀಯೇನು?" ಎಂದರು. ಇಬ್ಬರೂ ನಕ್ಕೆವು. ಅಯ್ಯೋ, ಎಂಥ ನಗು ಅದು! ಈಗ ನೆನೆದರೆ ಬಾಯಿ ಕಹಿಯಾಗುತ್ತದೆ. ಗೋಡೆಗೆ ಮುಖ ಮಾಡಿ ಕೂತು ಸವೆದ ಕೀಲನ್ನು ಕಂಡುಹಿಡಿಯುತ್ತಿದ್ದ ನನ್ನ ಕಿವಿಗೆ, ಒಬ್ಬ ಮನುಷ್ಯನ ಕೆಮ್ಮು ಬದಲಾದದ್ದು ತಿಳಿಯಲಿಲ್ಲ. ಕೇಳಿಸಿತ್ತು. ಆದರೆ ಅದು ಮಗನಿಗೆ ಕೊಡುವ ಸೂಚನೆ ಎಂದು ಒಮ್ಮೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತಲ್ಲ, ಬೇರೆ ಏನೂ ಇರಬಹುದೆಂದು ಹೊಳೆಯಲೇ ಇಲ್ಲ.

ನನಗಷ್ಟೇ ಅಲ್ಲ. ಆ ಮನೆಯಲ್ಲೂ ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರ ಹೆಂಡತಿ ಆಮೇಲೆ ನನ್ನ ಮುಂದೆ ಹೇಳಿಕೊಂಡು ಅತ್ತರು: "ಇವರು ಬೀದಿ ತಿರುವಲ್ಲಿ ಕೆಮ್ಮಿದ್ರೆ ಪ್ರಭಾಕರ ಹಿತ್ತಲಿಂದ ಒಳಗೆ ಬರ್ತಿದ್ದ, ನಾನು ಒಲೆ ಮೇಲೆ ಕಾಫಿಗೆ ಇಡ್ತಿದ್ದೆ. ಕೆಮ್ಮು ಅಂದ್ರೆ ನಮಗೆ ಅವರು ಬಂದ್ರು ಅಂತ್ಲೇ ಸೋಮಣ್ಣ. ಕಾಯಿಲೆ ಅಂತ ಯಾರು ಅಂದ್ಕೊಳ್ತಾರೆ?"

ಟವೆಲ್ಲಿನಲ್ಲಿ ರಕ್ತ ಕಂಡಾಗ ಗೊತ್ತಾಯಿತು. ಪ್ರಭಾಕರ ಹಾಸನಕ್ಕೆ ಕರೆದುಕೊಂಡು ಹೋದ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಗಂಟಲಿನ ಕ್ಯಾನ್ಸರು. ಅವನು ಅರಸೀಕೆರೆಗೆ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ ಸಂಜೆ ನನಗೆ ಚೆನ್ನಾಗಿ ನೆನಪಿದೆ.

"ಡಾಕ್ಟ್ರು ಎಷ್ಟು ದಿನದಿಂದ ಕೆಮ್ಮು ಐತೆ ಅಂತ ಕೇಳಿದ್ರು ಸೋಮಣ್ಣ," ಎಂದ. "ನಾನು ಏನಂತ ಹೇಳ್ಲಿ? ನನಗೆ ಮೀಸೆ ಬಂದಾಗಿಂದ ಅನ್ಲಾ?"

ತನ್ನ ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದು ಚರಂಡಿಗೆ ಎಸೆದ. ಆಮೇಲೆ ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ. ಆ ಕಾಯಿಲೆಗೆ ಸಂಜೆ ಸಂಜೆ ಬೆಂಕಿ ಹೊತ್ತಿಸಿದ ಲೈಟರುಗಳೆಲ್ಲ ನನ್ನ ಕೈಯಿಂದ ಸರಿಯಾಗಿ ಹೋಗಿದ್ದವು. ಒಂದೂ ಕೈಕೊಡಬಾರದೆಂದು ಎಷ್ಟು ಶ್ರದ್ಧೆಯಿಂದ ರಿಪೇರಿ ಮಾಡಿದ್ದೆ! ಆ ಕಸುಬಿನ ಮೇಲೆ ನನಗೆ ಅವತ್ತು ಮೊದಲ ಸಲ ಅಸಹ್ಯವಾಯಿತು.

ಆಪರೇಷನ್ ಮಾಡಿ ಮೇಷ್ಟ್ರ ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಕುತ್ತಿಗೆಯ ಮುಂದೆ ತೂತು, ಉಸಿರಾಟ ಅದರಲ್ಲೇ. ಜೀವಮಾನವೆಲ್ಲ ಪಾಠ ಹೇಳಿದ ಮನುಷ್ಯನಿಗೆ ಮಾತಿಲ್ಲ. ಕೆಮ್ಮಿದರೂ ಗಾಳಿ ಹೋಗುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ, ಎರಡು ಮಾರು ಆಚೆ ಕೇಳಿಸದು. ನಾನು ಹಳೇಬೀಡಿಗೆ ನೋಡಲು ಹೋಗಿದ್ದೆ. ಸೀಮೆಸುಣ್ಣದ ಪೆಟ್ಟಿಗೆ ತರಿಸಿ ಎಲ್ಲ ಲೈಟರುಗಳನ್ನೂ ನನ್ನ ಮುಂದೆ ಇಟ್ಟು, ಗ್ಯಾಸು ಬಿಟ್ಟುಬಿಡು ಎಂದು ಕೈಸನ್ನೆ ಮಾಡಿದರು. ಕೂತು ಒಂದೊಂದನ್ನೇ ಖಾಲಿ ಮಾಡಿದೆ. ಪ್ರಭಾಕರ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ನಮ್ಮ ಜೊತೆ ಕೂರಲಿಲ್ಲ. ಲೈಟರು ಹರಡಿಕೊಂಡು ಕೂತ ಅಪ್ಪನ ಮುಂದೆ ಕೂರುವುದು ಅವನಿಗೆ ಆಗಲೂ ಆಗಲಿಲ್ಲ. ಬಾರಯ್ಯ ಒಳಗೆ, ಕೂತ್ಕೋ ಎಂದು ನಾನೇ ಕೈ ಹಿಡಿದು ಎಳೆದಿದ್ದರೆ ಬರುತ್ತಿದ್ದನೋ ಏನೋ. ಎಳೆಯಲಿಲ್ಲ.

ಕೆಲವು ತಿಂಗಳಲ್ಲಿ ಮೇಷ್ಟ್ರು ಸ್ವಲ್ಪ ಚೇತರಿಸಿಕೊಂಡರು. ಒಂದು ಸಂಜೆ ಪ್ರಭಾಕರ ಎಂದಿನ ಹಾಗೆ ಗೋಡೆಗೆ ಒರಗಿ ನಿಂತಿದ್ದ. ಸೇದುವುದು ಬಿಟ್ಟಿದ್ದರೂ ನಿಲ್ಲುವುದು ಬಿಟ್ಟಿರಲಿಲ್ಲ. ನಾನು ಯಾರದೋ ಕೊಡೆಗೆ ಕಡ್ಡಿ ಹಾಕುತ್ತಿದ್ದೆ. ಆಗ ಮೂಲೆಯ ಕಡೆಯಿಂದ ಆ ಸದ್ದು ಬಂತು.

ಟಿಣ್.

ಬೇರೆ ಯಾವ ಲೈಟರೂ ಹಾಗೆ ಸದ್ದು ಮಾಡುವುದಿಲ್ಲ. ಕಡ್ಡಿ ಪಕ್ಕಕ್ಕಿಟ್ಟೆ. ಪ್ರಭಾಕರನ ಕಡೆ ನೋಡಿದೆ. ಅವನ ಬಲಗೈ ಬೆನ್ನ ಹಿಂದೆ ಹೋಗಿತ್ತು. ಆ ಕೈಯಲ್ಲಿ ಏನೂ ಇರಲಿಲ್ಲ. ಎರಡು ಉಸಿರು ಕಳೆದ ಮೇಲೆ ಮೇಷ್ಟ್ರು ಮೂಲೆ ತಿರುಗಿ ಬಂದರು. ಕುತ್ತಿಗೆಗೆ ಬಿಳಿ ವಸ್ತ್ರ, ಕೈಯಲ್ಲಿ ಬೆಳ್ಳಿ ಲೈಟರು. ಕೆಮ್ಮಲಾಗದ ಮನುಷ್ಯ ಮಗನ ಮರ್ಯಾದೆಗೆ ಬೇರೊಂದು ದಾರಿ ಹುಡುಕಿಕೊಂಡಿದ್ದರು.

"ಅಪ್ಪಾ, ನಾನು ಬಿಟ್ಬಿಟ್ಟೆ," ಎಂದ ಪ್ರಭಾಕರ. ಹಿಂದಿದ್ದ ಕೈಯನ್ನು ಮುಂದೆ ತಂದು, ಬೆರಳು ಬಿಡಿಸಿ ತೋರಿಸಿದ. ನಲವತ್ತು ದಾಟಿದ ಗಂಡಸು ರಸ್ತೆಯಲ್ಲಿ ನಿಂತು ಮಗುವಿನ ಹಾಗೆ ಅತ್ತ. ಮೇಷ್ಟ್ರು ಆ ಬರಿಗೈಯನ್ನು ನೋಡಿದರು, ಅದರ ಮೇಲೆ ತಮ್ಮ ಕೈ ಇಟ್ಟರು. ತುಟಿ ಅಲ್ಲಾಡಿತು. ನಡಿ, ಬಸ್ಸು ಹೊರಡ್ತದೆ ಎಂದಿರಬೇಕು. ಬೇರೆ ಏನನ್ನೂ ಆ ಹೊತ್ತಿನಲ್ಲಿ ಅವರು ಹೇಳುವವರಲ್ಲ. ಅಪ್ಪ ಮುಂದೆ, ಮಗ ಹಿಂದೆ, ಎಂದಿನ ಹಾಗೆ ಹೋದರು.

ಅದೇ ಕೊನೆ. ಕಾಯಿಲೆ ಮರುಕಳಿಸಿತು, ಮೇಷ್ಟ್ರು ಮತ್ತೆ ಅರಸೀಕೆರೆಗೆ ಬರಲಿಲ್ಲ.

ರಿಪೇರಿ ಕಲಿಯುವವರಿಗೆ ಹೇಳಬೇಕಾದ್ದೆಂದು ರೂಪಾ ಏನು ನಿರೀಕ್ಷಿಸಿದ್ದಳೋ ಗೊತ್ತಿಲ್ಲ. ನನಗೆ ತೋಚುವುದು ಇಷ್ಟೇ. ವಸ್ತು ತಂದವರ ಮುಖವನ್ನೂ ಒಮ್ಮೆ ನೋಡಿ. ಅವರ ದನಿ ಹೋದ ವಾರದ ಹಾಗೇ ಇದೆಯೋ ಇಲ್ಲವೋ, ಗಮನವಿಟ್ಟು ಕೇಳಿ. ಬದಲಾಗಿದೆ ಎನಿಸಿದರೆ ಸಂಕೋಚಪಡದೆ ಬಾಯಿ ಬಿಟ್ಟು ಕೇಳಿ. ತಮಾಷೆ ಮಾಡಿ ನಗಿಸಿ ಕಳಿಸಬೇಡಿ. ನಾನು ನಗಿಸಿ ಕಳಿಸಿದೆ.

ಮೇಷ್ಟ್ರು ಹೋಗಿ ಬಹಳ ದಿನಗಳಾದ ಮೇಲೆ ಪ್ರಭಾಕರ ಬೆಳ್ಳಿ ಲೈಟರು ಹಿಡಿದುಕೊಂಡು ಅಂಗಡಿಗೆ ಬಂದ. ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಿ ಎಂದ. ಬಿಟ್ಟೆ. ವಾಪಸು ಕೊಡಲು ಹೋದರೆ ಕೈ ಚಾಚಲಿಲ್ಲ.

"ಸೋಮಣ್ಣ, ಒಂದು ಕೆಲಸ ಮಾಡ್ತೀರಾ?" ಎಂದ. "ಆ ಮೂಲೆಗೆ ಹೋಗಿ ಒಂದ್ಸಲ ಮುಚ್ಚಳ ತೆಗೀರಿ."

ನಾನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗೋಡೆಯ ಆಚೆ ಮೂಲೆಗೆ ಹೋದೆ. ಮೇಷ್ಟ್ರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಮುಚ್ಚಳ ತೆಗೆದೆ. ಸದ್ದು ಪೂರ್ತಿ ಅಡಗುವವರೆಗೂ ಕಾದೆ. ಅವರು ಕಾಯುತ್ತಿದ್ದ ಹಾಗೆ ಎರಡು ಉಸಿರು ನಿಂತೆ. ಆಮೇಲೆ ಮೂಲೆ ತಿರುಗಿ ಬಂದೆ.

ಪ್ರಭಾಕರ ನೆಟ್ಟಗೆ ನಿಂತಿದ್ದ. ಅವನ ಕೈ ಬೆನ್ನ ಹಿಂದಿತ್ತು.